ತಣಿಗೆಬೈಲಿನ ಹತ್ತಿರ ಒಂದು ಹಳೆ ಮನೆ: ಕಟ್ಟಿಸಿದವರು ಯಾರು ಅಂತ ಹುಡುಕುವುದು ಹೇಗೆ?

ಕಣಿವೆಮನೆ
ಎಲ್ಲರಿಗೂ ನಮಸ್ಕಾರ. ತರೀಕೆರೆ ತಾಲ್ಲೂಕಿನಲ್ಲಿ, ಕೆಮ್ಮಣ್ಣುಗುಂಡಿ ಬೆಟ್ಟದ ಬುಡದಲ್ಲಿ, ತಣಿಗೆಬೈಲಿನಿಂದ ಸ್ವಲ್ಪ ಆಚೆ ನಮ್ಮದೊಂದು ಹಳೆ ಮನೆ ಇದೆ. ಅಜ್ಜ ಕೊಂಡಿದ್ದು. ಅಜ್ಜ ಹೋದ ಮೇಲೆ ಅಡಿಕೆ ನೋಡಿಕೊಳ್ಳುವವರು ಮುಂದಿನ ಎರಡು ಕೋಣೆಯಲ್ಲಿ ಇದ್ದರು. ಈಗ ನಾವು ರಿಪೇರಿ ಮಾಡಿಸಬೇಕು ಅಂತಿದ್ದೇವೆ. ಮಾಡಿಸುವ ಮೊದಲು ಇದರ ಕಥೆ ತಿಳಿಯಬೇಕು ಅಂತ ಆಸೆ.

ಊರಲ್ಲಿ ಎಲ್ಲರೂ ಹೇಳುವುದು ಒಂದೇ. "ಅದು ಬ್ರಿಟಿಷ್ ಸಾಹೇಬನ ಬಂಗಲೆ ಕಣಪ್ಪ, ಗಣಿ ನೋಡಿಕೊಳ್ಳೋಕೆ ಬಂದವನದು." ಯಾವ ಸಾಹೇಬ, ಯಾವ ಕಾಲ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಮನೆ ಹೀಗಿದೆ: ಉದ್ದನೆ ಜಗಲಿ, ಕಲ್ಲಿನ ತಳಪಾಯ, ಅದರ ಮೇಲೆ ದಪ್ಪ ಮಣ್ಣಿನ ಗೋಡೆ, ಮಂಗಳೂರು ಹೆಂಚು. ಮುಂಬಾಗಿಲಿನ ದಾರಂದದ ಮೇಲೆ ಕೆತ್ತಿದ ಅಕ್ಷರ ಇದೆ, ಪೇಂಟ್ ಮೇಲೆ ಪೇಂಟ್ ಬಿದ್ದು ಮುಚ್ಚಿಹೋಗಿದೆ. ಹಿಂದಿನ ಅಡುಗೆಮನೆಯಲ್ಲಿ ತೊಲೆಯ ಜಾಗದಲ್ಲಿ ಸಣ್ಣ ರೈಲು ಕಂಬಿ ಹಾಕಿದ್ದಾರೆ. ಹಿತ್ತಲಲ್ಲಿ ಬೋಲ್ಟು ಎದ್ದು ನಿಂತ ಒಂದು ದೊಡ್ಡ ಕಾಂಕ್ರೀಟ್ ಕಟ್ಟೆ ಇದೆ. ಆನೆ ಕಟ್ಟುತ್ತಿದ್ದರು ಅನ್ನುತ್ತಾರೆ. ಬೋಲ್ಟಿಗೆ ಆನೆ ಕಟ್ಟಿದವರು ಯಾರೋ!

ಎಲ್ಲಿಂದ ಶುರು ಮಾಡಲಿ?

ಸಂತೆಪೇಟೆ
ಸಾಹೇಬನ ಬಂಗಲೆ ಅಂದರೆ ಹೋಂಸ್ಟೇಗೆ ಒಳ್ಳೆ ಹೆಸರು ಸರ್. ಸುಮ್ನೆ ಹುಡುಕಿ ಕೆಡಿಸ್ಕೋಬೇಡಿ 😀

ಭದ್ರಾವತಿಯವ
ಸಂತೆಪೇಟೆಯವರ ಮಾತು ತಮಾಷೆಗೆ ಸರಿ. ಆದರೆ ಸಾಹೇಬನ ಕಥೆಯನ್ನೇ ಮೊದಲು ಅನುಮಾನಿಸಿ. ನಮ್ಮ ಕಡೆ ಹೆಂಚಿನ ಎತ್ತರದ ಮನೆ ಕಂಡರೆ ಸಾಕು, ಬ್ರಿಟಿಷರದ್ದು ಅಂದುಬಿಡುತ್ತಾರೆ. ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ಅದು ನಿಜ ಇರಬಹುದು. ಕೆಮ್ಮಣ್ಣುಗುಂಡಿಯ ಅದಿರಿನ ವಿಷಯ ಬೇರೆ. ಅದು ಮೈಸೂರು ಸಂಸ್ಥಾನದ ಸ್ವಂತ ಕೆಲಸ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಯೋಜನೆ ಗಟ್ಟಿಯಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಊದುಕುಲುಮೆ ಹೊತ್ತಿದ್ದು 1923ರ ಜನವರಿಯಲ್ಲಿ. ಆ ವರ್ಷದಿಂದ 1929ರವರೆಗೆ ಅವರೇ ಕಾರ್ಖಾನೆ ಮಂಡಳಿಯ ಅಧ್ಯಕ್ಷರು. ಹೊರದೇಶದ ತಜ್ಞರು ಬಂದಿದ್ದರು, ಇಲ್ಲ ಅನ್ನುವುದಿಲ್ಲ. ಅದರಲ್ಲಿ ಹೆಸರಾದವರು ಅಮೆರಿಕದ ಪೆರಿನ್, ಬ್ರಿಟಿಷರಲ್ಲ. ಅಂಥವರು ಬೆಟ್ಟದ ಬುಡದಲ್ಲಿ ಮಣ್ಣಿನ ಗೋಡೆ ಕಟ್ಟಿಸಿಕೊಂಡು ಕೂತಿರುತ್ತಾರಾ?

ಕೆಲಸ ನಡೆಯುತ್ತಿದ್ದದ್ದು ಹೇಗೆ ಅಂತ ಗೊತ್ತಿದ್ದರೆ ನಿಮ್ಮ ಮನೆ ಎಲ್ಲಿ ಕೂರುತ್ತದೆ ಅಂತ ತಿಳಿಯುತ್ತದೆ. ಬೆಟ್ಟದ ಮೇಲೆ ಅದಿರು ಅಗೆಯುತ್ತಿದ್ದರು. ಅಲ್ಲಿಂದ ತಂತಿ ದಾರಿಯಲ್ಲಿ, ಅಂದರೆ ರೋಪ್‌ವೇ ತೊಟ್ಟಿಲಲ್ಲಿ, ಕೆಳಗೆ ತಣಿಗೆಬೈಲಿಗೆ ಇಳಿಸುತ್ತಿದ್ದರು. ತಣಿಗೆಬೈಲಿನಿಂದ ಭದ್ರಾವತಿಗೆ ಸಣ್ಣ ಟ್ರಾಂ ರೈಲು. ಸುಣ್ಣದ ಕಲ್ಲು ಭಂಡಿಗುಡ್ಡದಿಂದ. ಇನ್ನು ಕಲ್ಲಿದ್ದಲು ಇಲ್ಲವಲ್ಲ, ಕುಲುಮೆಗೆ ಮರದ ಇದ್ದಿಲೇ ಉರುವಲು. ಹಾಗಾಗಿ ಗಣಿಯ ಕೂಲಿಗಿಂತ ಕಾಡು ಕಡಿಯುವ, ಇದ್ದಿಲು ಸುಡುವ, ಗಾಡಿ ಹೊಡೆಯುವ ಜನವೇ ಜಾಸ್ತಿ ಇದ್ದಿರಬೇಕು. ಅಷ್ಟು ಜನಕ್ಕೆ ಅಕ್ಕಿ, ರಾಗಿ, ಹೊಗೆಸೊಪ್ಪು ಕೊಡಲು ಅಂಗಡಿ ಬೇಕು, ಗುತ್ತಿಗೆದಾರರು ಬೇಕು. ತಣಿಗೆಬೈಲು ಅಂಥವರೆಲ್ಲ ಸೇರುವ ಜಾಗ.

ನಿಮ್ಮ ಹಿತ್ತಲಿನ ಬೋಲ್ಟಿನ ಕಟ್ಟೆ ಯಂತ್ರದ ಪೀಠ ಇರಬಹುದು. ತಂತಿ ದಾರಿಯ ಕಂಬದ ಪಾದ ಕೂಡ ಇರಬಹುದು. ಬೋಲ್ಟುಗಳ ನಡುವಿನ ಅಂತರ ಅಳೆದು ಹಾಕಿ. ನಾಲ್ಕು ಮೂಲೆಗೆ ನಾಲ್ಕು ಇದ್ದರೆ ಒಂದು ಅರ್ಥ, ಸಾಲಾಗಿದ್ದರೆ ಇನ್ನೊಂದು.

ಹಳೆ ಸರ್ವೇಯರ್
ನಾನು ಭೂಮಾಪನ ಇಲಾಖೆಯಲ್ಲಿ ಇದ್ದವನು, ಈಗ ನಿವೃತ್ತ. ಕಾಗದದ ವಿಷಯ ನಾನು ಹೇಳುತ್ತೇನೆ.

ಮೊದಲು ಇದು ತಿಳಿದುಕೊಳ್ಳಿ: ಮನೆಗೆ ಪಹಣಿ ಇಲ್ಲ, ಜಮೀನಿಗೆ ಇದೆ. ಮನೆ ಸರ್ವೆ ನಂಬರಿನಲ್ಲಿ ಇದೆಯೋ, ಗ್ರಾಮಠಾಣಾದಲ್ಲಿ, ಅಂದರೆ ಊರಿನ ವಾಸದ ಜಾಗದಲ್ಲಿ ಇದೆಯೋ ನೋಡಿ. ಗ್ರಾಮಠಾಣಾ ಆದರೆ ಪಂಚಾಯಿತಿಯ ಡಿಮ್ಯಾಂಡ್ ರಿಜಿಸ್ಟರೇ ಗತಿ. ಕಂದಾಯ ಕಟ್ಟಿದವರ ಹೆಸರು ವರ್ಷ ವರ್ಷ ಇರುತ್ತದೆ. ಹಳೆ ಪುಸ್ತಕ ಗೆದ್ದಲು ತಿಂದಿರದಿದ್ದರೆ ನಿಮ್ಮ ಅದೃಷ್ಟ. ಸರ್ವೆ ನಂಬರು ಆದರೆ ದಾರಿ ದೊಡ್ಡದು. ಈಗಿನ ಕಂಪ್ಯೂಟರ್ ಪಹಣಿ ನೋಡಿ ಪ್ರಯೋಜನ ಇಲ್ಲ, ಅದು ಭೂಮಿ ಯೋಜನೆ ಬಂದ ಮೇಲಿನದು. ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಮ್ಯುಟೇಶನ್ (ಖಾತೆ ಬದಲಾವಣೆ) ಪುಸ್ತಕ ಕೇಳಿ. ಭೂ ಸುರಕ್ಷಾ ಅಂತ ಈಗ ರೆಕಾರ್ಡ್ ರೂಮಿನ ಕಾಗದ ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ಹೋಬಳಿಯದು ಆಗಿದ್ದರೆ ಕೆಲಸ ಸುಲಭ. ಸರ್ವೆ ಶಾಖೆಯಲ್ಲಿ ಟಿಪ್ಪಣಿ ಮತ್ತು ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ) ಸಿಗುತ್ತದೆ. ಟಿಪ್ಪಣಿ ಅಂದರೆ ಅಳತೆಗೆ ಹೋದವನು ಸ್ಥಳದಲ್ಲೇ ಬರೆದ ನಕ್ಷೆ. ಅದರಲ್ಲಿ ಬಾವಿ, ದಾರಿ, ಕೆಲವು ಸಲ ಕಟ್ಟಡವನ್ನೂ ಗುರುತು ಹಾಕಿರುತ್ತಾನೆ.

ಅಜ್ಜನ ಕ್ರಯಪತ್ರ ಇದೆಯಾ? ಇದ್ದರೆ ಅದರ ಚೆಕ್ಕುಬಂದಿ ಮೊದಲು ಓದಿ. ಜನ ಹೆಸರು, ಮೊತ್ತ ಮಾತ್ರ ನೋಡಿ ಮಡಚಿ ಇಡುತ್ತಾರೆ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಅನ್ನುವ ಆ ನಾಲ್ಕು ಸಾಲಿನಲ್ಲಿ ಇಡೀ ಊರಿರುತ್ತದೆ. ಪತ್ರದಲ್ಲಿ ಮಾರಿದವರಿಗೆ ಆಸ್ತಿ ಹೇಗೆ ಬಂತು ಅಂತಲೂ ಬರೆದಿರುತ್ತಾರೆ: ಸ್ವಯಾರ್ಜಿತವೋ, ಪಿತ್ರಾರ್ಜಿತವೋ, ಹರಾಜಿನಲ್ಲಿ ಬಂದದ್ದೋ. ಹಿಂದಿನ ಪತ್ರದ ನಂಬರು ಕೊಟ್ಟಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ 1ನೇ ಪುಸ್ತಕದ ಸಂಪುಟ, ಪುಟ ಹೇಳಿ ದೃಢೀಕೃತ ನಕಲು ಕೇಳಬಹುದು. ಇ.ಸಿ., ಅಂದರೆ ಋಣಭಾರ ಪತ್ರ, ಆನ್‌ಲೈನ್‌ನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ. ಅದಕ್ಕಿಂತ ಹಿಂದಿನದಕ್ಕೆ ಕಚೇರಿಗೇ ಅರ್ಜಿ ಹಾಕಬೇಕು. ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ ಇರುತ್ತದೆ. ಎರಡರಲ್ಲೂ ಹುಡುಕಿಸಿ.

ಇನ್ನೊಂದು. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋದರೆ ಚಿಕ್ಕಮಗಳೂರು ಜಿಲ್ಲೆ ಅಂತ ಕೇಳಬೇಡಿ. 1947ರವರೆಗೆ ಅದು ಕಡೂರು ಜಿಲ್ಲೆ. ಪಟ್ಟಿಯಲ್ಲಿ ಹಾಗೇ ಇರುತ್ತದೆ. ಹಾಗೆಯೇ ನರಸಿಂಹರಾಜಪುರ ಹಳೆ ಕಾಗದದಲ್ಲಿ ಎಡೇಹಳ್ಳಿ. ಇದು ಗೊತ್ತಿಲ್ಲದೆ "ಏನೂ ಸಿಗಲಿಲ್ಲ" ಅಂತ ವಾಪಸ್ ಬಂದವರನ್ನು ಕಂಡಿದ್ದೇನೆ.

ಕಾರ್ಖಾನೆಯೇ ಕಟ್ಟಿಸಿದ ಮನೆ ಆಗಿದ್ದರೆ ಮಾತ್ರ ನಾನು ಹೇಳಿದ ಯಾವ ಪುಸ್ತಕದಲ್ಲೂ ಸರಿಯಾಗಿ ಸಿಗಲ್ಲ. ಸರ್ಕಾರಿ ಜಾಗ, ಸರ್ಕಾರಿ ಕಟ್ಟಡ. ಅದರ ಕಾಗದ ಭದ್ರಾವತಿಯಲ್ಲಿ. ಆ ಕಾರ್ಖಾನೆ ಈಗ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೇಲ್‌ನ (SAIL) ಭಾಗ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಬಹುದು.

ಹೆಂಚುಪ್ರಿಯೆ
ಕಾಗದಕ್ಕೆ ಓಡುವ ಮೊದಲು ಏಣಿ ಹಾಕಿ ಹೆಂಚು ಇಳಿಸಿ ಸರ್! ಹಿಂಬದಿಯಲ್ಲಿ ಕಾರ್ಖಾನೆ ಹೆಸರು ಇರುತ್ತದೆ.

ಒಂದು ಎಚ್ಚರಿಕೆ. ಬಾಸೆಲ್ ಮಿಶನ್ ಹೆಂಚಿನ ಮೇಲೆ 1865 ಅಂತ ಇದ್ದರೆ ಕುಣಿದಾಡಬೇಡಿ. ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ನಿಮ್ಮ ಹೆಂಚು ಸುಟ್ಟ ವರ್ಷ ಅಲ್ಲ. ಹಳೆ ಸಾಮಾನು ಮಾರುವವರು ಇದನ್ನೇ ತೋರಿಸಿ ದುಡ್ಡು ಕೀಳುತ್ತಾರೆ. ಆದರೂ ಆ ಹೆಸರಿನಿಂದ ಒಂದು ಉಪಯೋಗ ಇದೆ. ಮೊದಲ ಮಹಾಯುದ್ಧದಲ್ಲಿ ಮಿಶನ್‌ನ ಕಾರ್ಖಾನೆಗಳು ಅವರ ಕೈಬಿಟ್ಟು ಹೋದವು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಹೆಸರಿನಲ್ಲಿ ನಡೆದವು. ಕಾಮನ್‌ವೆಲ್ತ್ ಅಂತ ಇದ್ದರೆ ಹೆಂಚು ಯುದ್ಧದ ನಂತರದ್ದು, ಇದು ಖಚಿತ.

ಒಂದೇ ಹೆಂಚು ನೋಡಿ ತೀರ್ಮಾನ ಮಾಡಬೇಡಿ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ನಮ್ಮ ಕಡೆ ರೂಢಿ. ಒಡೆದದ್ದು ತೆಗೆದು ಎಲ್ಲಿಂದಲೋ ತಂದದ್ದು ಹಾಕಿರುತ್ತಾರೆ. ಎತ್ತರದಲ್ಲಿ, ಕೈ ಎಟುಕದ ಕಡೆ, ಕೋಳಿನ (ಮಾಡಿನ ತುದಿಯ) ಹತ್ತಿರ ಇರುವುದನ್ನು ನೋಡಿ. ಅಲ್ಲಿ ಬದಲಾಯಿಸಿದ್ದು ಕಡಿಮೆ.

ರೈಲು ಕಂಬಿ ಅಂದಿರಲ್ಲ, ಅದೇ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು. ಕಂಬಿಯ ಪಕ್ಕದ ಚಪ್ಪಟೆ ಭಾಗದಲ್ಲಿ ತಯಾರಕರ ಹೆಸರು, ವರ್ಷ ಉಬ್ಬಕ್ಷರದಲ್ಲಿ ಇರುತ್ತದೆ. ವೈರ್ ಬ್ರಷ್‌ನಿಂದ ಮೆತ್ತಗೆ ಉಜ್ಜಿ, ಸೀಮೆಸುಣ್ಣ ಸವರಿ, ಟಾರ್ಚ್ ಓರೆಯಾಗಿ ಹಿಡಿಯಿರಿ. ಓದಬಹುದು.

ಆದರೆ ಹೆಂಚಾಗಲಿ ಕಂಬಿಯಾಗಲಿ ಹೇಳುವುದು "ಇದಕ್ಕಿಂತ ಮುಂಚೆ ಅಲ್ಲ" ಅಂತ ಮಾತ್ರ. ಕಂಬಿ ತಯಾರಾದ ವರ್ಷಕ್ಕೂ ಅಡುಗೆಮನೆಗೆ ಏರಿದ ವರ್ಷಕ್ಕೂ ನಡುವೆ ಅದು ಟ್ರಾಂ ಹೊತ್ತಿರುತ್ತದೆ. "ಇದಕ್ಕಿಂತ ಈಚೆ ಅಲ್ಲ" ಅಂತ ಹೇಳುವುದು ಕಾಗದ. ಎರಡೂ ಕಡೆಯಿಂದ ಒತ್ತಿಕೊಂಡು ಬನ್ನಿ.

ಸಂತೆಪೇಟೆ
ತಣಿಗೆಬೈಲು ಟ್ರಾಂ ಬೇರೆ, ತರೀಕೆರೆ–ನರಸಿಂಹರಾಜಪುರ ಸಣ್ಣ ರೈಲು ಬೇರೆ, ಅಲ್ವಾ? ನಮ್ಮ ತಾತ ಎರಡನ್ನೂ "ಟ್ರಾಂ" ಅಂತಲೇ ಅನ್ನುತ್ತಿದ್ದರು.

ಭದ್ರಾವತಿಯವ
ಹೌದು, ಬೇರೆ ಬೇರೆ. ಎರಡೂ ಎರಡು ಅಡಿ ಅಗಲದ ದಾರಿ. ಕಂಬಿ ಯಾವುದರದ್ದು ಅಂತ ಹೇಳುವುದು ಕಷ್ಟ. ಕಿತ್ತ ಕಂಬಿ ಗುಜರಿಗೆ ಹೋಗಿ ಸುತ್ತಮುತ್ತ ಎಷ್ಟೋ ಮನೆ, ಹಟ್ಟಿ, ಬಾವಿ ಸೇರಿದೆ.

ಕಣಿವೆಮನೆ
ಎಲ್ಲರಿಗೂ ಥ್ಯಾಂಕ್ಸ್. ಹೇಳಿದ್ದರಲ್ಲಿ ಒಂದಷ್ಟು ಮಾಡಿ ಬಂದೆ.

ಹೆಂಚು: ಕೋಳಿನ ಹತ್ತಿರ ಇಳಿಸಿದ್ದೆಲ್ಲ ಕಾಮನ್‌ವೆಲ್ತ್. ಕೆಳಗಿನ ಸಾಲುಗಳಲ್ಲಿ ನಾನಾ ಹೆಸರು. ಜಗಲಿಯಲ್ಲಿ ಒಂದು 1865 ಸಿಕ್ಕಿತು, ನಮ್ಮ ಭಾವ ಕುಣಿದೇಬಿಟ್ಟರು.

ಕಂಬಿ: ವರ್ಷದ ಕೊನೆಯ ಅಂಕಿ ತುಕ್ಕು ತಿಂದಿದೆ. 192 ವರೆಗೆ ಓದಬಹುದು.

ಕ್ರಯಪತ್ರ ಅತ್ತೆಯ ಪೆಟ್ಟಿಗೆಯಲ್ಲಿ ಇತ್ತು. 1950ರ ದಶಕದ್ದು. ಚೆಕ್ಕುಬಂದಿ ಹೀಗಿದೆ: ಪೂರ್ವಕ್ಕೆ ಕಾರ್ಖಾನೆ ಟ್ರಾಂ ದಾರಿ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಮಾರುವವರದೇ ಅಂಗಡಿ ಮಳಿಗೆ, ದಕ್ಷಿಣಕ್ಕೆ ಸರ್ಕಾರಿ ಕಾಡು. ಮಾರಿದವರು ಒಬ್ಬ ಮಂಡಿ ವ್ಯಾಪಾರಿ. ಆಸ್ತಿ "ನಮ್ಮ ತಂದೆಯವರ ಸ್ವಯಾರ್ಜಿತ" ಅಂತ ಬರೆದಿದೆ. ಸಾಹೇಬನ ಹೆಸರು ಎಲ್ಲೂ ಇಲ್ಲ.

ದಾರಂದ: ಪೇಂಟ್ ಬಿಡಿಸಿದೆವು. "ರುಧಿರೋದ್ಗಾರಿ ಸಂ| ವೈಶಾಖ ಶು|" ಅಷ್ಟೇ ಸ್ಪಷ್ಟ. ಮುಂದೆ ತಿಥಿ, ವಾರ ಇದ್ದಂತಿದೆ, ಉಳಿ ಬಡಿದು ಚಿಲಕ ಕೂರಿಸಿದ್ದಾರೆ.

ಹಳೆ ಸರ್ವೇಯರ್
ಚೆಕ್ಕುಬಂದಿ ಓದಿದಿರಲ್ಲ, ಸಂತೋಷ. ಪೂರ್ವಕ್ಕೆ ಟ್ರಾಂ, ಉತ್ತರಕ್ಕೆ ಅಂಗಡಿ. ಇದು ವ್ಯಾಪಾರದವರ ಮನೆ. ಸರ್ಕಾರಿ ಕಟ್ಟಡ ಆಗಿದ್ದರೆ ಸ್ವಯಾರ್ಜಿತ ಅಂತ ಬರೆಯುತ್ತಿರಲಿಲ್ಲ.

ಸಂವತ್ಸರಕ್ಕೆ ಬರೋಣ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ರುಧಿರೋದ್ಗಾರಿ 1863ರ ಯುಗಾದಿಗೆ ಶುರು, 1923ರಲ್ಲಿ ಮತ್ತೆ, 1983ರಲ್ಲಿ ಮತ್ತೆ. 1983 ಬಿಡಿ. 1923 ಆದರೆ ವೈಶಾಖ ಅಂದರೆ ಕುಲುಮೆ ಹೊತ್ತಿ ಮೂರ್ನಾಲ್ಕು ತಿಂಗಳು ಆಗಿತ್ತು ಅಷ್ಟೇ. ವಾರ ಮತ್ತು ತಿಥಿ ಎರಡೂ ಸಿಕ್ಕರೆ ಪಂಚಾಂಗದ ಲೆಕ್ಕ ಹಾಕಿ ಯಾವ ಸುತ್ತು ಅಂತ ಹೇಳಬಹುದು, ಏಕೆಂದರೆ ಒಂದೇ ತಿಥಿ ಎರಡೂ ಸುತ್ತಿನಲ್ಲಿ ಒಂದೇ ವಾರ ಬರುವುದು ಅಪರೂಪ. ಚಿಲಕ ಬಿಚ್ಚಿ ನೋಡಿ.

ಹೆಂಚುಪ್ರಿಯೆ
1923 ತುಂಬಾ ಚೆನ್ನಾಗಿ ಹೊಂದುತ್ತದೆ, ಅದಕ್ಕೇ ನನಗೆ ಅನುಮಾನ. ದಾರಂದ ಮನೆಯ ಜೊತೆಗೇ ಹುಟ್ಟಿದ್ದು ಅಂತ ಹೇಗೆ ಗೊತ್ತು? ಮಲೆನಾಡಿನಲ್ಲಿ ಒಳ್ಳೆ ಬೀಟೆ, ಹಲಸಿನ ದಾರಂದವನ್ನು ಯಾರೂ ಬಿಸಾಡುವುದಿಲ್ಲ. ಹಳೆ ಮನೆ ಬಿಚ್ಚಿ ಹೊಸ ಮನೆಗೆ ತರುತ್ತಾರೆ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳಿಂದ ಎಷ್ಟು ಮರ ಬಂದಿದೆ ಹೇಳಿ.

ಕಣಿವೆಮನೆ
@ಹೆಂಚುಪ್ರಿಯೆ ಅಯ್ಯೋ ಮೇಡಂ, ಈಗ ತಾನೆ ಮನೆಯವರಿಗೆಲ್ಲ 1923 ಅಂತ ಹೇಳಿ ಬಂದೆ. ಪರೀಕ್ಷೆ ಮಾಡುವುದು ಹೇಗೆ?

ಹೆಂಚುಪ್ರಿಯೆ
ದಾರಂದದ ಎರಡು ಪಕ್ಕ, ಮೇಲೆ, ಕೆಳಗೆ ಕೈಯಾಡಿಸಿ. ಬೇರೆ ಮರ ಕೂಡಿಸಲು ಕೊರೆದು ಈಗ ಖಾಲಿ ಬಿದ್ದಿರುವ ತೂತು ಇದೆಯಾ? ಹೊಸ್ತಿಲಿನ ಮರ ಮತ್ತು ಮೇಲಿನ ಮರ ಒಂದೇ ಜಾತಿಯಾ? ಗೋಡೆ ತೆರವಿಗೆ ದಾರಂದ ಸರಿಯಾಗಿ ಕೂತಿದೆಯಾ ಅಥವಾ ಸಂದಿಗೆ ಇಟ್ಟಿಗೆ ಚೂರು ತುಂಬಿದ್ದಾರಾ? ಖಾಲಿ ತೂತು ಇದ್ದರೆ ಅದು ಬೇರೆ ಕಡೆಯಿಂದ ಬಂದದ್ದು.

ಹಾಗೇ ಮುಂದಿನ ಮನೆಗೂ ಹಿಂದಿನ ಅಡುಗೆಮನೆಗೂ ಗೋಡೆ ಹೆಣೆದುಕೊಂಡಿದೆಯಾ ಅಥವಾ ಒಂದಕ್ಕೊಂದು ಅಂಟಿಕೊಂಡು ನಿಂತಿದೆಯಾ ನೋಡಿ. ಮೂಲೆಯಲ್ಲಿ ಉದ್ದಕ್ಕೆ ಬಿರುಕು ಇದ್ದರೆ ಹಿಂದಿನದು ಆಮೇಲೆ ಸೇರಿಸಿದ್ದು. ಆಗ ಕಂಬಿಯ ವರ್ಷ ಅಡುಗೆಮನೆಗೆ ಮಾತ್ರ ಲೆಕ್ಕ.

ನುಗ್ಗೇಹಳ್ಳಿ ಅಕ್ಕ
ಹಾಸನದ ಕಡೆಯವಳು ನಾನು, ಚನ್ನರಾಯಪಟ್ಟಣ ತಾಲ್ಲೂಕು. ನಮ್ಮ ಕಡೆಯೂ ಗಣಿಯೇ. ಬೈರಾಪುರದ ಕ್ರೋಮೈಟ್ ಗೊತ್ತಿರಬೇಕು. ನಿಮ್ಮದು ಬೆಟ್ಟದ ಮೇಲೆ ತೆರೆದ ಗಣಿ, ನಮ್ಮಲ್ಲಿ ಸುರಂಗವೂ ಇತ್ತು. ಹಾಗಾಗಿ ನಮ್ಮ ಚಿಂತೆ ಬೇರೆ. ಮನೆ ಕಟ್ಟಿದವರು ಯಾರು ಅನ್ನುವುದಕ್ಕಿಂತ ಕೆಳಗೆ ಏನಿದೆ ಅಂತ ಮೊದಲು ನೋಡಬೇಕು. ಗಣಿ ಮುಚ್ಚುವಾಗ ನಕ್ಷೆ ಮಾಡಿ ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯಕ್ಕೆ ಕೊಡಬೇಕು ಅಂತ ಕಾನೂನಿದೆ. ಅದರ ಮುಖ್ಯ ಕಚೇರಿ ಧನಬಾದ್‌ನಲ್ಲಿ. ನಮ್ಮ ಚಿಕ್ಕಪ್ಪ ಹಳೆ ಗುಂಡಿ ಮುಚ್ಚಿದ ಜಾಗದಲ್ಲಿ ಕೊಟ್ಟಿಗೆ ಕಟ್ಟಿ, ಒಂದು ಮೂಲೆ ಕುಸಿದ ಮೇಲೆ ಇದೆಲ್ಲ ತಿಳಿದದ್ದು. ನಿಮ್ಮ ಮನೆ ಸುತ್ತ ಅದಿರು ರಾಶಿ ಹಾಕುತ್ತಿದ್ದ ಜಾಗ ಇದ್ದರೆ ಗಟ್ಟಿ ನೆಲ ಎಲ್ಲಿಂದ ಅಂತ ನೋಡಿಕೊಳ್ಳಿ, ಆಮೇಲೆ ತಳಪಾಯಕ್ಕೆ ಕೈ ಹಾಕಿ.

ಇನ್ನೊಂದು ಉಪಾಯ. ಮೈಸೂರು ಭೂವಿಜ್ಞಾನ ಇಲಾಖೆ 1894ರಲ್ಲಿ ಶುರುವಾಯಿತು, ಮೊದಲು ನಡೆಸಿದವರು ಬ್ರೂಸ್ ಫೂಟ್. ಆ ಇಲಾಖೆಯ ಹಳೆ ವರದಿಗಳು ಅಂತರ್ಜಾಲದಲ್ಲಿ ಒಂದಷ್ಟು ಸಿಗುತ್ತವೆ. ಮನೆಯ ಹೆಸರು ಇರಲ್ಲ. ಆದರೆ ಅಧಿಕಾರಿಗಳು ಎಲ್ಲಿ ಬಿಡಾರ ಹಾಕಿದ್ದರು, ಯಾವ ದಾರಿಯಲ್ಲಿ ಹತ್ತಿದರು, ಯಾವ ಹಳ್ಳಿಯಲ್ಲಿ ಕೂಲಿ ಸಿಕ್ಕಿತು ಅಂತ ಬರೆದಿರುತ್ತಾರೆ. ಅದಕ್ಕೆ ಜೊತೆಯಾಗಿ ಭೂಮಾಪನದ ಟೋಪೋ ನಕ್ಷೆ ಇಟ್ಟುಕೊಳ್ಳಿ. ನಿಮ್ಮದು 48 ಓ ಹಾಳೆಯಲ್ಲಿ ಬರುತ್ತದೆ. ಹಳೆ ಒಂದಿಂಚಿನ ನಕ್ಷೆ ಸಿಕ್ಕರೆ ಟ್ರಾಂ ದಾರಿ, ತಂತಿ ದಾರಿ ಗೆರೆ ಹುಡುಕಿ. ಹಿತ್ತಲಿನ ಕಟ್ಟೆ ಆ ಗೆರೆಯ ಮೇಲೆ ಬಿದ್ದರೆ ಮುಗಿಯಿತು.

ಕುದುರೆಮುಖದ ಹುಡುಗ
ನಮ್ಮಲ್ಲಿ ಈ ತಾಪತ್ರಯವೇ ಇಲ್ಲ ನೋಡಿ. ಕಂಪನಿ ಶುರು 1976, ಗಣಿ ನಿಂತಿದ್ದು 2005ರ ಕೊನೆಗೆ. ಎಲ್ಲ ಕ್ವಾರ್ಟರ್ಸ್ ಒಂದೇ ತರ. ನಾನು ಹುಟ್ಟಿದ ಮನೆ ಯಾವುದು ಅಂತ ನಂಬರ್ ಇಲ್ಲದೆ ಅಮ್ಮನಿಗೂ ಹೇಳಕ್ಕಾಗಲ್ಲ.

ಭದ್ರಾವತಿಯವ
ನಿಮ್ಮ ಕಥೆಗೂ ಒಂದು ಥ್ರೆಡ್ ಮಾಡಿ ತಮ್ಮ. 2005 ಆಗಿ ಎಷ್ಟು ವರ್ಷ ಆಯಿತು, ಈಗಲೇ ಬರೆದಿಡದಿದ್ದರೆ ಆ ಕ್ವಾರ್ಟರ್ಸ್‌ಗಳಿಗೂ ಯಾರಾದರೂ ಸಾಹೇಬನನ್ನು ಹುಟ್ಟಿಸುತ್ತಾರೆ.

ಕಣಿವೆಮನೆ
ಮತ್ತೆ ಬಂದೆ. ದಾರಂದದ ಎಡಗಡೆ ಎರಡು ಖಾಲಿ ತೂತು ಇವೆ, ಮಣ್ಣು ಮೆತ್ತಿದ್ದಾರೆ. ಮೇಲಿನ ಮರ ಬೀಟೆ, ಹೊಸ್ತಿಲು ಬೇರೆ ಏನೋ. ಹೆಂಚುಪ್ರಿಯೆ ಮೇಡಂ ಹೇಳಿದ್ದೇ ಆಯಿತು, ದಾರಂದ ಬೇರೆ ಮನೆಯದು. ಚಿಲಕ ಬಿಚ್ಚಿದರೆ ಕೆಳಗೆ ಮರವೇ ಪುಡಿ, ವಾರ ಸಿಗಲಿಲ್ಲ. ಹಾಗಾಗಿ ಅದು 1863ರದ್ದೂ ಇರಬಹುದು.

ಅಡುಗೆಮನೆ ಗೋಡೆಯ ಮೂಲೆಯಲ್ಲಿ ಉದ್ದಕ್ಕೆ ಬಿರುಕಿದೆ. ಆಮೇಲೆ ಸೇರಿಸಿದ್ದು.

ಹಿತ್ತಲಿನ ಕಟ್ಟೆಯ ಬೋಲ್ಟು ನಾಲ್ಕೂ ಮೂಲೆಗೆ ಇವೆ. ಅದೇ ತರದ ಇನ್ನೊಂದು ಕಟ್ಟೆ ಹಳ್ಳದ ಆಚೆ ಪೊದೆಯಲ್ಲಿ ಸಿಕ್ಕಿತು. ಎರಡನ್ನೂ ಸೇರಿಸಿ ಗೆರೆ ಎಳೆದರೆ ನೇರ ಬೆಟ್ಟದ ಕಡೆ ಹೋಗುತ್ತದೆ.

ಭದ್ರಾವತಿಯವ
ಆಹಾ! ಅದು ತಂತಿ ದಾರಿಯ ಕಂಬವೇ ಇರಬೇಕು. ಇನ್ನೊಂದು ಸಾಲಿನಲ್ಲಿ ಸಿಕ್ಕರೆ ಅನುಮಾನವೇ ಬೇಡ. ಅರಣ್ಯದ ಒಳಗೆ ಹೋಗಬೇಕಾದರೆ ಮಾತ್ರ ಇಲಾಖೆಗೆ ಕೇಳಿ ಹೋಗಿ, ಭದ್ರಾ ಹುಲಿ ಕಾಡು ಪಕ್ಕದಲ್ಲೇ ಇದೆ.

ಹಳೆ ಸರ್ವೇಯರ್
ಹಾಗಾದರೆ ಈಗ ಕೈಯಲ್ಲಿ ಇರುವುದು ಇಷ್ಟು. ಮಾಡು ಮೊದಲ ಮಹಾಯುದ್ಧದ ಈಚೆಗಿನದು. ಅಡುಗೆಮನೆ 1920ರ ದಶಕಕ್ಕಿಂತ ಈಚೆ, ಬಹುಶಃ ಕಂಬಿ ಗುಜರಿಗೆ ಬಿದ್ದ ಕಾಲದ್ದು. ಮಾರಿದವರ ತಂದೆಯ ಸ್ವಯಾರ್ಜಿತ. ತಂದೆ ಜಾಗ ಕೊಂಡರೋ, ಕಟ್ಟಿದ ಮನೆಯನ್ನೇ ಕೊಂಡರೋ ಅನ್ನುವುದು ಉಳಿದಿದೆ. ಅದನ್ನು ಹೇಳಬೇಕಾದದ್ದು ತಂದೆಯ ಹೆಸರಿನ ಪತ್ರ. ಹೆಸರಿನ ಸೂಚಿಯಲ್ಲಿ 1918ರಿಂದ 1950ರವರೆಗೆ ಹುಡುಕಿಸಿ. ಹುಡುಕುವ ವರ್ಷ ಹೆಚ್ಚಾದಷ್ಟು ಶುಲ್ಕ ಹೆಚ್ಚು, ಆದರೂ ಕಡಿಮೆ ಮಾಡಬೇಡಿ.

ಮತ್ತೆ, ಆ ಊರಿನ ಹಳೆ ಶಾನುಭೋಗರ ಮನೆ ಯಾವುದು ಅಂತ ವಿಚಾರಿಸಿ. 1963ರಲ್ಲಿ ಶಾನುಭೋಗಿಕೆ ರದ್ದಾದಾಗ ಲೆಕ್ಕ ಒಪ್ಪಿಸಿದರು ನಿಜ. ಸ್ವಂತಕ್ಕೆ ಬರೆದುಕೊಂಡ ಕಡತಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಇನ್ನೂ ಇವೆ. ಮೋಡಿ ಅಕ್ಷರದಲ್ಲಿ, ಅಂದರೆ ಹಳೆ ಕೂಡುಬರಹದಲ್ಲಿ ಇದ್ದರೆ ಫೋಟೋ ತೆಗೆದು ಇಲ್ಲಿ ಹಾಕಿ, ನಾನು ಓದುತ್ತೇನೆ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ಹಣ್ಣು ತೆಗೆದುಕೊಂಡು ಹೋಗಿ. ಮೊದಲ ದಿನವೇ ಕಾಗದ ಕೇಳಬೇಡಿ.

ಸಂತೆಪೇಟೆ
ಅಂದರೆ ಸಾಹೇಬನ ಬಂಗಲೆ ಹೋಗಿ ಸಾಹುಕಾರನ ಮನೆ ಆಯಿತು.

ನುಗ್ಗೇಹಳ್ಳಿ ಅಕ್ಕ
ಆಗಲಿ ಬಿಡಿ, ಸಾಹುಕಾರನ ಲೆಕ್ಕದ ಪುಸ್ತಕ ಸಿಕ್ಕರೆ ಯಾರು ಎಷ್ಟು ಅಕ್ಕಿ ಸಾಲ ತೆಗೆದುಕೊಂಡರು ಅಂತ ಇಡೀ ಗಣಿಯ ಜನರ ಹೆಸರು ಸಿಗುತ್ತದೆ. ಮಾರಿದವರ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆ ಗೊತ್ತಾ?

ಕಣಿವೆಮನೆ
ತರೀಕೆರೆಯಲ್ಲೇ ಇದ್ದಾರೆ ಅಂತ ಅತ್ತೆ ಹೇಳುತ್ತಾರೆ ಅಕ್ಕ. ಅತ್ತೆಗೆ ಅವರ ಮನೆಯ ಸೊಸೆ ಪರಿಚಯ, ಭಾನುವಾರ ಕರೆದುಕೊಂಡು ಹೋಗುತ್ತಾರಂತೆ. ಇ.ಸಿ. ಅರ್ಜಿ ಕೊಟ್ಟಿದ್ದೇನೆ. ದಾರಂದದ ಫೋಟೋ ಕೆಳಗೆ ಹಾಕಿದ್ದೇನೆ, ಪೂರ್ತಿ ಬೆಳಕಲ್ಲಿ ಒಂದು, ಓರೆ ಟಾರ್ಚಿನಲ್ಲಿ ಒಂದು. "ಶು|" ಆದ ಮೇಲಿನ ಅಕ್ಷರ ಐದರ ಹಾಗೆ ಕಾಣುತ್ತದೆ ನನಗೆ, ಭಾವನಿಗೆ ಎರಡು ಅನ್ನಿಸುತ್ತದೆ. ಸರ್ವೇಯರ್ ಸರ್, ನೀವು ನೋಡಿ ಹೇಳಿ.